ಕತ್ತರಿ ಸಾಹೇಬರ ಶಿಷ್ಯ

ಮಲಂಗಸಾಬರು ವಿಜಯಪುರದ ಒಂದು ಲೆಕ್ಕಪತ್ರ ಕಚೇರಿಯಲ್ಲಿ ಇಡೀ ನೌಕರಿ ಕಳೆದವರು. ಅಲ್ಲಿ ಅವರಿಗೆ ಕತ್ತರಿ ಸಾಹೇಬ ಎಂಬ ಹೆಸರಿತ್ತು. ಸರಕಾರದ ವರಮಾನ ಕುಸಿದ ವರ್ಷ ಖರ್ಚಿನ ಎಲ್ಲ ಬಾಬ್ತಿಗೂ ಒಂದೇ ಅಳತೆಯ ಕಡಿತ ತಾನಾಗಿ ಬೀಳುತ್ತದೆ. ಅಂಥ ಆದೇಶ ಬಂದ ದಿನ ಅವರು ರಸ್ತೆ, ಆಸ್ಪತ್ರೆ, ಶಾಲೆ ಯಾವುದನ್ನೂ ನೋಡದೆ ಸಂಜೆಯೊಳಗೆ ಕತ್ತರಿಸಿ, ಗಾಂಧಿ ಚೌಕದಲ್ಲಿ ಚಹಾ ಕುಡಿದು, ಮನೆಗೆ ಹೋಗಿ ನೆಮ್ಮದಿಯಾಗಿ ಮಲಗುತ್ತಿದ್ದರು. ಆ ಅಡ್ಡಹೆಸರಿನ ಬಗ್ಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ನಿವೃತ್ತರಾಗಿ ಸ್ವಂತ ಊರು ಕನಮಡಿಗೆ ಬಂದದ್ದೇ ತಡ, ಊರವರು ಅವರನ್ನು ಸರಕಾರಿ ಶಾಲೆಯ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಿದರು. ಮೊಮ್ಮಗಳು ಮಿನಾಜ ಅದೇ ಶಾಲೆಯಲ್ಲಿ ಏಳನೆಯ ತರಗತಿ ಓದುತ್ತಿದ್ದಳು. ಕಚೇರಿ ಕಂಡ ಮನುಷ್ಯ, ಶಾಲೆಗೆ ಹಣ ತರುತ್ತಾನೆ ಎಂದು ಊರವರ ಎಣಿಕೆ. ಈ ಮನುಷ್ಯನಿಗೆ ಹಣ ತಡೆಯುವುದು ಬಿಟ್ಟು ಬೇರೇನೂ ಬಾರದೆಂಬುದು ಹೆಂಡತಿ ಗುಲಶನಳಿಗೆ ಮಾತ್ರ ಗೊತ್ತು.

ಜನವರಿಯಲ್ಲಿ ಆದೇಶ ಬಂತು. ಎಲ್ಲ ಬಾಬ್ತಿನಲ್ಲೂ ಶೇಕಡಾ ಹದಿನೈದು ಕಡಿತ. ಗಣಿತ ಕಲಿಸುತ್ತಿದ್ದ ಅತಿಥಿ ಶಿಕ್ಷಕಿ ಪೂನಮಳ ಗೌರವಧನ 'ಇತರೆ ವೆಚ್ಚ'ದಲ್ಲಿತ್ತು. ಇಡೀ ವರ್ಷದ ಕಡಿತ ಉಳಿದ ತಿಂಗಳುಗಳ ಮೇಲೇ ಬಿದ್ದು, ಪರೀಕ್ಷೆಗೆ ಮೊದಲೇ ಅವಳು ಕೆಲಸ ಬಿಟ್ಟು ಮನೆಗೆ ಹೋಗಬೇಕಾಗುವಂತಿತ್ತು. ಮಿನಾಜ ಎರಡು ಹೊತ್ತು ಅಜ್ಜನೊಡನೆ ಮಾತು ಬಿಟ್ಟಳು. ಈ ಕಡಿತವನ್ನು ಅಜ್ಜನೇ ಮಾಡಿದ್ದೆಂದು ಅವಳ ನಂಬಿಕೆ.

ಮಲಂಗಸಾಬರು ಕೋಟು ಹಾಕಿಕೊಂಡು ಟಿಕೋಟಾ ಮಾರ್ಗದ ಬಸ್ಸು ಹಿಡಿದು ಹಳೆಯ ಕಚೇರಿಗೆ ಹೋದರು. ಅವರ ಕುರ್ಚಿಯಲ್ಲಿ ಈಗ ಪ್ರತಾಪ ಕೂತಿದ್ದ. ಬಬಲೇಶ್ವರದ ಹುಡುಗ, ಕೆಲಸಕ್ಕೆ ಸೇರಿದಾಗ ಇವರ ಕೈಕೆಳಗೇ ಕಲಿತವನು. ಎದ್ದು ನಿಂತ, ಚಹಾ ತರಿಸಿದ, ಪೂರ್ತಿ ಕೇಳಿಸಿಕೊಂಡ. ಆಮೇಲೆ ಪಾಠ ಒಪ್ಪಿಸುವವನ ಹಾಗೆ ಶುರುಮಾಡಿದ. ಒಬ್ಬರಿಗೆ ಬಿಟ್ಟರೆ ಎಲ್ಲರೂ ಬರುತ್ತಾರೆಂದು ಸರ್ ಹೇಳಿಕೊಟ್ಟಿದ್ದರು. ಬಾಬ್ತು ಬದಲಿಸುವುದು ಕಳ್ಳದಾರಿ ಎಂದೂ ಸರ್ ಹೇಳಿದ್ದರು. ತಮ್ಮದೇ ಮಾತು ಇಷ್ಟು ಕೆಟ್ಟದಾಗಿ ಕೇಳಿಸುತ್ತದೆಂದು ಮಲಂಗಸಾಬರಿಗೆ ಗೊತ್ತಿರಲಿಲ್ಲ.

ಒಂದು ದಾರಿ ಉಳಿದಿತ್ತು. ಆ ಕುರ್ಚಿಯ ಅಧಿಕಾರಿ ಸ್ವತಃ ಶಾಲೆಗೆ ಹೋಗಿ ನೋಡಿ, ಅಗತ್ಯ ಎಂದು ಬರೆದರೆ ಒಂದು ಬಾಬ್ತನ್ನು ಕಡಿತದಿಂದ ಉಳಿಸಬಹುದು. ಆದರೆ ಅಷ್ಟೇ ಹಣವನ್ನು ಅದೇ ಶಾಲೆಯ ಬೇರೆ ಬಾಬ್ತಿನಿಂದ ತೆಗೆಯಬೇಕು.

"ಹಂಗಾರ ಬಂದು ನೋಡಪಾ" ಎಂದರು ಮಲಂಗಸಾಬರು.

"ಸಾಲಿ ನೋಡಾಕ ಹೋಗಬ್ಯಾಡ, ನೋಡಿದ್ರ ಕೈ ಓಡೂದಿಲ್ಲ ಅಂತ ನೀವ ಹೇಳೀರಿ ಸರ್" ಎಂದ ಪ್ರತಾಪ, ಬಹಳ ಗೌರವದಿಂದ.

ಮನೆಗೆ ಬಂದು ಹೇಳಿದಾಗ ಗುಲಶನ ನಕ್ಕಳು. ಶಿಷ್ಯ ಛಲೋ ತಯಾರಾಗ್ಯಾನ ಎಂದಳು. ಅವನಿಗೆ ಸೀತನಿ ಎಂದರೆ ಪ್ರಾಣವೆಂದು ನೆನಪಿಸಿದವಳೂ ಅವಳೇ. ಹೊಲದಲ್ಲಿ ಜೋಳದ ತೆನೆ ಹಾಲು ತುಂಬಿ ನಿಂತಿತ್ತು. ಎಳೆ ತೆನೆ ಸುಟ್ಟು ಕಾಳು ಉದುರಿಸಿ ತಿನ್ನುವ ಕಾಲ. ಮಲಂಗಸಾಬರು ಪಂಚಾಂಗ ನೋಡುವವರ ಹಾಗೆ ಕ್ಯಾಲೆಂಡರ್ ನೋಡಿದರು. ಎರಡನೆಯ ಶನಿವಾರ ಕಚೇರಿಗೆ ರಜೆ, ಶಾಲೆಗೆ ಬೆಳಗಿನ ತರಗತಿ. ಫೋನ್ ಮಾಡಿ ಸೀತನಿಗೆ ಕರೆದರು. ಶಾಲೆಯ ಸುದ್ದಿ ಎತ್ತಲಿಲ್ಲ.

ಪ್ರತಾಪ ಬಂದ. ಹೊಲಕ್ಕೆ ಹೋಗುವ ಮೊದಲು ಮೊಮ್ಮಗಳಿಗೆ ಊಟದ ಡಬ್ಬಿ ಕೊಟ್ಟು ಹೋಗೋಣವೆಂದು ಸಾಹೇಬರು ಅವನನ್ನು ಶಾಲೆಗೆ ಕರೆದೊಯ್ದರು. ಬೆಳಗಿನ ಶಾಲೆಗೆ ಊಟದ ಡಬ್ಬಿ ಯಾಕೆಂದು ಅವನು ಕೇಳಲಿಲ್ಲ. ಮಲಂಗಸಾಬರು ಬೇವಿನ ಮರದ ಕೆಳಗೇ ನಿಂತು, ಒಳಗೆ ಕೊಟ್ಟು ಬಾ ಎಂದು ಡಬ್ಬಿ ಅವನ ಕೈಗಿತ್ತರು.

ಪೂನಮಳಿಗೆ ಯಾರೂ ಏನೂ ಹೇಳಿರಲಿಲ್ಲ. ಆ ದಿನ ಇನ್ನೊಬ್ಬ ಶಿಕ್ಷಕರು ರಜೆ. ಆರು, ಏಳು ಎರಡೂ ತರಗತಿ ಅವಳ ತಲೆಯ ಮೇಲೆ. ಬಾಗಿಲಲ್ಲಿ ಇಸ್ತ್ರಿ ಅಂಗಿಯ ಮನುಷ್ಯ ಕಂಡದ್ದೇ, ಗಣಿತ ಬರುತ್ತದೆಯೇ ಎಂದು ಕೇಳಿದಳು. ಲೆಕ್ಕದ ಕಚೇರಿಯವನು ಬರುವುದಿಲ್ಲ ಎನ್ನುವುದು ಹೇಗೆ? ಅವಳು ಸೀಮೆಸುಣ್ಣ ಕೊಟ್ಟು ಆರನೆಯವರನ್ನು ಅವನಿಗೆ ಒಪ್ಪಿಸಿಬಿಟ್ಟಳು.

ಪಾಠ ಭಿನ್ನರಾಶಿಯ ಭಾಗಾಕಾರ. ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸಿರಿ ಎಂದ ಪ್ರತಾಪ. ಮುಂದೆ ಕೂತಿದ್ದ ಶಾಹಿಸ್ತಾ ಎಂಬ ಹುಡುಗಿ ಯಾಕೆ ತಲೆಕೆಳಗು ಎಂದು ಕೇಳಿದಳು. ಅದು ನಿಯಮ ಎಂದ.

"ಪೂನಮ ಅಕ್ಕಾರು ಹಂಗ ಬಿಡೂದಿಲ್ರಿ, ಯಾಕಂತ ಹೇಳ್ತಾರ" ಎಂದಳು ಅವಳು.

ಪ್ರತಾಪ ಹಲಗೆಯ ಕಡೆ ತಿರುಗಿ ಒಂದು ಲೆಕ್ಕ ಬರೆದ, ಒರೆಸಿದ, ಮತ್ತೆ ಬರೆದ. ಕೊನೆಗೆ ಪೂನಮಳನ್ನೇ ಕರೆದ. ಅವಳು ಅರ್ಧ ರೊಟ್ಟಿಯ ಚಿತ್ರ ಬರೆದು, ಇದರಲ್ಲಿ ಕಾಲು ರೊಟ್ಟಿಯ ತುಂಡು ಎಷ್ಟು ಸಿಗುತ್ತವೆ ಎಂದು ಕೇಳಿದಳು. ಎರಡು ಎಂದು ಎಲ್ಲರೂ ಕೂಗಿದರು. ಪ್ರತಾಪ ಮಕ್ಕಳ ಸಾಲಿನ ತುದಿಗೆ ಕೂತು ಗಂಟೆ ಹೊಡೆಯುವವರೆಗೂ ಕೇಳಿದ.

ಪ್ಯಾಂಟಿಗೆಲ್ಲ ಸುಣ್ಣ ಮೆತ್ತಿಕೊಂಡು ಹೊರಗೆ ಬಂದವನೆದುರು ಮಲಂಗಸಾಬರು ಮುಗ್ಧ ಮುಖ ಮಾಡಿದರು.

"ಎರಡನೇ ಶನಿವಾರ ನೋಡಿನ ಕರದೀರಿ ಸರ್."

"ನಾ ಸೀತನಿಗಿ ಕರದೇನಿ. ಸಾಲಿ ದಾರ್ಯಾಗ ಬಂತು."

"ನಿಮ್ಮ ಹೊಲ ಊರ ಆಚಿ ಕಡಿ ಐತಿ."

ಸಾಹೇಬರು ಹೊಲದ ದಾರಿ ಹಿಡಿದು ಮುಂದೆ ನಡೆದರು. ಹೊಲದಲ್ಲಿ ಪ್ರತಾಪ ಶೇಂಗಾ ಚಟ್ನಿಪುಡಿಯೊಡನೆ ಬೊಗಸೆಗಟ್ಟಲೆ ಸೀತನಿ ತಿಂದ, ಕಚೇರಿಯ ಮಾತು ಬಿಟ್ಟು ಉಳಿದೆಲ್ಲ ಮಾತಾಡಿದ. ಬೈಕ್ ಹತ್ತುವಾಗ ಮಾತ್ರ ಹೇಳಿದ: "ಕಣ್ಣಾರೆ ನೋಡೇನಿ, ಬರೀತೀನಿ. ಆದ್ರ ಬ್ಯಾರೆ ಕಡಿಂದ ತಗೀಬೇಕಾಗ್ತೈತಿ, ಸಿಟ್ಟಾಗಬ್ಯಾಡ್ರಿ."

ಮುಂದಿನ ವಾರ ಆದೇಶ ಬಂತು. ಪೂನಮ ಪರೀಕ್ಷೆ ಮುಗಿಯುವವರೆಗೆ ಉಳಿದಳು. ಅದರ ಬದಲಿಗೆ ಕತ್ತರಿ ಬಿದ್ದದ್ದು ವಾರ್ಷಿಕೋತ್ಸವಕ್ಕೆ: ಶಾಮಿಯಾನ, ಧ್ವನಿವರ್ಧಕ, ಅಧ್ಯಕ್ಷರಿಗೆ ಹೊದಿಸುವ ಶಾಲು, ಸಮಿತಿಯ ಚಹಾ. ಒಂದೂ ಬಿಟ್ಟಿರಲಿಲ್ಲ. ಮಲಂಗಸಾಬರು ಆ ದಿನಕ್ಕೆಂದು ಭಾಷಣ ಬರೆದು, ಕನ್ನಡಿ ಮುಂದೆ ನಿಂತು ಓದಿ ಅಭ್ಯಾಸವನ್ನೂ ಮಾಡಿದ್ದರು. ಆದೇಶವನ್ನು ಎರಡು ಸಲ ಓದಿದರು. ಎಲ್ಲಿಯೂ ತಪ್ಪಿಲ್ಲ; ತಾವಿದ್ದರೂ ಇಲ್ಲೇ ಕತ್ತರಿಸುತ್ತಿದ್ದರು. ನಗುತ್ತಲೇ ಆದೇಶವನ್ನು ಮಡಚಿ ಭಾಷಣದ ಹಾಳೆಗಳ ಮೇಲಿಟ್ಟರು.

ವಾರ್ಷಿಕೋತ್ಸವ ಬೆಳಗಿನ ಬಿಸಿಲೇರುವ ಮೊದಲೇ ಶಾಲೆಯ ಗೋಡೆಯ ನೆರಳಲ್ಲಿ ನಡೆಯಿತು. ಅಧ್ಯಕ್ಷರು ಮಾತಾಡತೊಡಗಿದಾಗ ನೆರಳು ಗೋಡೆಯ ಕಡೆ ಸರಿಯುತ್ತಿತ್ತು, ಅದರೊಡನೆ ಜನವೂ ಸರಿಯುತ್ತಿತ್ತು. ಎರಡನೆಯ ಹಾಳೆಗೆ ಬರುವಷ್ಟರಲ್ಲಿ ಗುಲಶನ ಹೆಣ್ಣುಮಕ್ಕಳ ಸಾಲಿನಿಂದಲೇ ಬೆರಳೆರಡನ್ನು ಕತ್ತರಿಯ ಹಾಗೆ ಆಡಿಸಿದಳು. ಮಲಂಗಸಾಬರು ಕೆಮ್ಮಿ, ಉಳಿದ ಹಾಳೆಗಳನ್ನು ಮಡಚಿ ಕೋಟಿನ ಕಿಸೆಗಿಟ್ಟು, ಪೂನಮ ಟೀಚರ್ ಎರಡು ಮಾತಾಡಲಿ ಎಂದು ಹೇಳಿ ಕುಳಿತರು.