ಟೈಮು ಹಿಡಿಯುವವನ ನಡಿಗೆ

ಹಾನುಬಾಳಿನಿಂದ ಬೆಳಗ್ಗೆ ಏಳಕ್ಕೆ ಸಕಲೇಶಪುರಕ್ಕೆ ಹೊರಡುವ ಖಾಸಗಿ ಬಸ್ಸಿನ ಡ್ರೈವರ್ ಧರ್ಮನಿಗೆ ಒಂದು ನಂಬಿಕೆ ಇತ್ತು. ಹನ್ನೊಂದು ವರ್ಷ ಕೂತಲ್ಲೇ ಕೂತಿದ್ದರಿಂದ ಹಾಳಾಗಿರುವುದು ತನ್ನ ಸೀಟಿನ ಸ್ಪಂಜು ಮಾತ್ರ ಎಂದು. ಆ ನಂಬಿಕೆ ಡಿಸೆಂಬರಿನ ಎರಡನೇ ವಾರ, ಲೈಸೆನ್ಸ್ ನವೀಕರಣಕ್ಕೆ ಬೇಕಾದ ಆರೋಗ್ಯದ ಸರ್ಟಿಫಿಕೇಟಿಗೆಂದು ಸಕಲೇಶಪುರದ ಡಾಕ್ಟರಮ್ಮನ ಎದುರು ತೋಳು ಚಾಚಿದಾಗ ಮುರಿಯಿತು. ಅವರು ಒಮ್ಮೆ ಬಿ.ಪಿ. ಪಟ್ಟಿ ಸುತ್ತಿ ನೋಡಿದರು. ಇನ್ನೊಮ್ಮೆ ಸುತ್ತಿ ನೋಡಿದರು.

"ನೂರಾ ಎಪ್ಪತ್ತೆರಡು, ನೂರಾ ನಾಲ್ಕು. ತಲೆನೋವು ಬರುತ್ತಾ?"

"ಟೈರ್ ಪಂಚರ್ ಆದಾಗ ಬರುತ್ತೆ ಮೇಡಮ್."

ಡಾಕ್ಟರಮ್ಮ ನಗಲಿಲ್ಲ. ಫಾರಂ ಮಡಚಿ ಅವನ ಕೈಗೇ ವಾಪಸು ಕೊಟ್ಟರು. "ಇವತ್ತು ಇದಕ್ಕೆ ನಾನು ರುಜು ಹಾಕಲ್ಲ. ಲೈಸೆನ್ಸು ಜನವರಿ ಕೊನೆಗೆ ಮುಗಿಯುತ್ತೆ ಅಂತೀರಿ, ಆರು ವಾರ ಇದೆ. ಮಾತ್ರೆ ತಪ್ಪಿಸಬೇಡಿ. ಉಪ್ಪಿನಕಾಯಿ, ಹಪ್ಪಳ ಬಿಡಿ. ದಿನಾ ಅರ್ಧ ಗಂಟೆ ನಡೀರಿ. ಪಕ್ಕದಲ್ಲಿದ್ದವರ ಹತ್ತಿರ ಮಾತಾಡ್ತಾ ನಡೆಯೋ ಹಾಗಿರಬೇಕು, ಅಷ್ಟೇ ವೇಗ. ಓಡೋದು ಗೀಡೋದು ಬೇಡ."

ರುಜು ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ಧರ್ಮನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಓನರ್ ಹತ್ತಿರ ಶ್ರೀನಾಥ್ ಎಂಬ ಬದಲಿ ಡ್ರೈವರ್ ಇದ್ದ. ಇಪ್ಪತ್ತೆಂಟರ ಹುಡುಗ, ಕೈ ಚೆನ್ನಾಗಿತ್ತು. ಒಮ್ಮೆ ಬಿಟ್ಟ ಸೀಟು ಮತ್ತೆ ಸಿಗುವುದು ಈ ಲೈನಿನಲ್ಲಿ ಯಾರೂ ಕಂಡಿದ್ದಲ್ಲ. ಧರ್ಮನಿಗೆ ಬರುವ ಕೆಲಸ ಇದೊಂದೇ.

ಕಂಡಕ್ಟರ್ ಸಿದ್ದು ಅವತ್ತೇ ಒಂದು ದಾರಿ ಹುಡುಕಿಕೊಂಡು ಬಂದ. "ಧರ್ಮಣ್ಣ, ಯಾರೋ ಒಬ್ರು ಮುಖಾನೂ ನೋಡ್ದೆ ರುಜು ಹಾಕ್ ಕೊಡ್ತಾರಂತೆ. ವಿಚಾರ್ಸ್ಲಾ?"

"ಬೆಳಗ್ಗೆ ಟ್ರಿಪ್ಪಲ್ಲಿ ನಲವತ್ತು ಸ್ಕೂಲ್ ಮಕ್ಳು ಇರ್ತವೆ ಕಣೋ. ಅದ್ರಲ್ಲಿ ನನ್ ಮಗ್ಳೂ ಒಬ್ಳು. ಏರಲ್ಲಿ ನಂಗೆ ಕಣ್ಣು ಕತ್ಲೆ ಬಂದ್ರೆ ಆ ರುಜು ಬಂದು ಸ್ಟೇರಿಂಗ್ ಹಿಡ್ಕತದಾ?"

ಸಿದ್ದು ಮತ್ತೆ ಆ ಮಾತೆತ್ತಲಿಲ್ಲ.

ಹೀಗೆ ಧರ್ಮನ ನಡಿಗೆ ಶುರುವಾಯಿತು. ಆದರೆ ಖಾಸಗಿ ಬಸ್ಸಿನವರ ಬದುಕು ಎಂಥದ್ದೆಂದು ತಿಳಿಯದಿದ್ದರೆ ಅವನು ಮಾಡಿಕೊಂಡ ಎಡವಟ್ಟು ಅರ್ಥವಾಗುವುದಿಲ್ಲ. ಪ್ರತಿ ಸ್ಟಾಪಿಗೂ ಅವರಿಗೆ ನಿಮಿಷದ ಲೆಕ್ಕ. ನಾಲ್ಕೇ ನಿಮಿಷದ ಅಂತರದಲ್ಲಿ ಹಿಂದೆ ಇನ್ನೊಂದು ಬಸ್ಸು ಬರುತ್ತಿರುತ್ತದೆ. ಒಂದು ಕಡೆ ತಡವಾದರೆ ಮುಂದಿನ ಸ್ಟಾಪಿನೊಳಗೆ ಆ ಟೈಮು ಹಿಡಿಯಬೇಕು, ಇಲ್ಲವಾದರೆ ಹಿಂದಿನ ಬಸ್ಸಿನವರು ಬಾಗಿಲಿಗೇ ಬಂದು ಜಗಳ ತೆಗೆಯುತ್ತಾರೆ. ಟೈಮು ಹಿಡಿಯುವುದು ಧರ್ಮನಿಗೆ ಉಸಿರಾಟದಷ್ಟು ರೂಢಿಯಾಗಿತ್ತು. ಮನೆಯ ಮದುವೆಗಳಲ್ಲಿ ಊಟದ ಎಲೆಯ ಮುಂದೆ ಕೂತರೂ ಸಾರಿನಲ್ಲಿ ತಡವಾದದ್ದನ್ನು ಮಜ್ಜಿಗೆಯ ಹೊತ್ತಿಗೆ ಹಿಡಿದುಬಿಡುತ್ತಿದ್ದ.

ನಡಿಗೆಗೂ ಅವನು ಟೈಮಿಂಗ್ಸ್ ಹಾಕಿಕೊಂಡ. ಮನೆ ಐದು ನಲವತ್ತು. ರೈಸ್ ಮಿಲ್ಲು ಐದು ನಲವತ್ತಾರು. ಏರಿನ ಮೇಲಿನ ಹಾಲಿನ ಡೈರಿ ಐದು ಐವತ್ತೈದು. ಅಲ್ಲಿಂದ ವಾಪಸು. ಮೊದಲ ದಿನ ಸಿದ್ದು ಜತೆಗೆ ಬಂದು, ರೈಸ್ ಮಿಲ್ಲಿನ ಹತ್ತಿರ ಅಭ್ಯಾಸಬಲದಿಂದ ಸೀಟಿ ಊದಿ "ರೈಟ್, ರೈಟ್" ಅಂದ. ಮಿಲ್ಲಿನ ನಾಯಿ ಅಟ್ಟಿಸಿಕೊಂಡು ಬಂತು. ಮಾರನೆಯ ದಿನದಿಂದ ಸಿದ್ದು ಬರಲಿಲ್ಲ.

ಮಂಜು ಕವಿದ ಆ ದಾರಿಯಲ್ಲಿ ದಿನವೂ ಸಿಗುತ್ತಿದ್ದವಳು ಮುನಿಯಮ್ಮ ಒಬ್ಬಳೇ. ಅರವತ್ತು ದಾಟಿದ ಹೆಂಗಸು. ಎರಡು ಹಸು ಕಟ್ಟಿಕೊಂಡು, ಬೆಳಗಿನ ಹಾಲನ್ನು ಕ್ಯಾನಿನಲ್ಲಿ ಡೈರಿಗೆ ಹಾಕಿ ಬಂದು, ಆಮೇಲೆ ಕಾಫಿ ಹಣ್ಣು ಕೊಯ್ಯಲು ಎಸ್ಟೇಟಿಗೆ ಹೋಗುವವಳು. ಧರ್ಮ ಅವಳನ್ನು ಏರಿನಲ್ಲಿ ಹಿಂದೆ ಹಾಕುವಾಗ ಹಾರ್ನ್ ಹೊಡೆದ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ಯಾರೋ ಅಟ್ಟುಸ್ಕಂಡ್ ಬತ್ತಾವ್ರೆ ನಿನ್ನ?" ಎಂದು ಅವಳು ಕೇಳುತ್ತಿದ್ದಳು.

ಉತ್ತರ ಕೊಡಲು ಅವನಲ್ಲಿ ಉಸಿರು ಇರುತ್ತಿರಲಿಲ್ಲ. ಕೈ ಎತ್ತಿ ತೋರಿಸಿ ಮುಂದೆ ಹೋಗುತ್ತಿದ್ದ. ಒಂದು ವಾರದಲ್ಲಿ ಡೈರಿಯನ್ನು ಎರಡು ನಿಮಿಷ ಬೇಗ ಮುಟ್ಟಿ ಹಿಗ್ಗಿದ.

ಎರಡನೇ ವಾರ ಬಸ್ಸಿಗೆ ಸ್ಪೆಷಲ್ ಬಾಡಿಗೆ ಬಂತು. ಮೂರು ದಿನ ಹಾಸನಕ್ಕೆ, ಆಲೂರಿಗೆ ಓಡಾಟ. ಮನೆ ಸೇರುವುದೇ ತಡ, ನಡಿಗೆ ಎಲ್ಲಿಂದ ಬರಬೇಕು. ಆ ಮೂರೂ ದಿನ ಅವನ ಎದೆಯೊಳಗೆ ಒಂದೇ ಮಾತು ಕುಟುಕುತ್ತಿತ್ತು: ಲೇಟಾಯಿತು. ನಾಲ್ಕನೆಯ ಬೆಳಗ್ಗೆ ನಾಲ್ಕೂವರೆಗೇ ಎದ್ದ. ಹೆಂಡತಿ ಶಾಲಿನಿ ರಗ್ಗಿನೊಳಗಿಂದಲೇ ಕೇಳಿದಳು, "ಎಲ್ಲಿಗ್ರೀ ಇಷ್ಟೊತ್ತಿಗೆ?"

"ಮೂರು ದಿನದ್ದು ಬಾಕಿ ಐತೆ. ಇವತ್ತೇ ಹಿಡೀಬೇಕು."

ನಾಲ್ಕು ದಿನದ ನಡಿಗೆಯನ್ನು ಒಂದೇ ಬೆಳಗಿಗೆ ನಡೆದ. ಡೈರಿಯ ಏರನ್ನು ನಾಲ್ಕು ಸಲ ಹತ್ತಿ ನಾಲ್ಕು ಸಲ ಇಳಿದ. ಕೊನೆಯ ಎರಡು ಸಲ ಓಡಿಯೇ ಬಿಟ್ಟ. ಮನೆಗೆ ಬಂದು ಬಿಸಿನೀರು ಹುಯ್ದುಕೊಂಡು, ಉಪ್ಪಿಲ್ಲದ ಉಪ್ಪಿಟ್ಟು ತಿಂದು, ಏಳಕ್ಕೆ ಸರಿಯಾಗಿ ಬಸ್ಸು ತೆಗೆದಾಗ ಅವನ ಮನಸ್ಸಿಗೆ ಬಹಳ ಸಮಾಧಾನವಾಗಿತ್ತು. ಎಡ ಮಂಡಿ ಮಾತ್ರ ಸ್ವಲ್ಪ ಬಿಗಿದಂತಿತ್ತು.

ಅರ್ಧ ದಾರಿಯ ಏರಿನಲ್ಲಿ ಎದುರಿಗೆ ಸೌದೆ ತುಂಬಿದ ಲಾರಿ ಬಂತು. ಬಸ್ಸು ನಿಲ್ಲಿಸಿ ದಾರಿ ಕೊಟ್ಟು, ಮತ್ತೆ ಹೊರಡಲು ಕ್ಲಚ್ ತುಳಿಯಹೋದರೆ ಕಾಲು ಕೆಳಗೆ ಹೋಗಲೇ ಇಲ್ಲ. ಮಂಡಿಯೊಳಗೆ ಯಾರೋ ಕೆಂಡ ಇಟ್ಟಂತಾಯಿತು. ಬಸ್ಸು ಒಂದು ಗೇಣು ಹಿಂದಕ್ಕೆ ಜಾರಿತು. ಧರ್ಮ ಬ್ರೇಕಿನ ಮೇಲೆ ಬಲಗಾಲನ್ನು ಪೂರಾ ಊರಿ, ಹ್ಯಾಂಡ್ ಬ್ರೇಕ್ ಎಳೆದು, "ಸಿದ್ದು, ಕಲ್ಲು ಕೊಡೋ" ಅಂದ. ಸಿದ್ದು ಜಿಗಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ.

"ಏನಾಯ್ತಣ್ಣ?"

"ಕಾಲು ಬರ್ತಾ ಇಲ್ಲ. ಮಕ್ಳುನ್ನ ಹಿಂದಿನ ಬಸ್ಸಿಗೆ ಹತ್ಸು. ಶ್ರೀನಾಥಂಗೆ ಫೋನ್ ಮಾಡು."

"ಹೆಂಗೋ ಸಕಲೇಶಪುರ ಮುಟ್ಟಿಸ್ಬುಡು ಮಾರಾಯ, ಆಮೇಲೆ ನೋಡನ. ಓನರ್‌ಗೆ ಗೊತ್ತಾದ್ರೆ—"

"ಗೊತ್ತಾಗ್ಲಿ."

ಮಕ್ಕಳು ಹಿಂದಿನ ಬಸ್ಸಿಗೆ ಹತ್ತಿದವು. ಒಂಬತ್ತನೇ ಕ್ಲಾಸಿನ ಮಗಳು ಮೋನಿಕಾ ಇಳಿಯುವಾಗ ಅವನ ಭುಜ ಮುಟ್ಟಿ, "ಅಪ್ಪ, ಮೂರು ದಿನ ಊಟ ಬಿಟ್ಟಿದ್ರೆ ಇವತ್ತು ನಾಲ್ಕು ದಿನದ್ದು ಉಣ್ತಿದ್ಯಾ?" ಎಂದು ಮೆಲ್ಲಗೆ ಕೇಳಿ ಹೋದಳು. ಅರ್ಧ ಗಂಟೆಗೆ ಶ್ರೀನಾಥ್ ಬೈಕಿನಲ್ಲಿ ಬಂದು ಸ್ಟೇರಿಂಗ್ ಹಿಡಿದ. ಧರ್ಮ ಹಿಂದಿನ ಸೀಟಿನಲ್ಲಿ ಪ್ಯಾಸೆಂಜರ್ ಆಗಿ ಕೂತ. ಪಕ್ಕದಲ್ಲಿ, ಹಸುವಿಗೆ ಔಷಧಿ ತರಲು ಹೊರಟಿದ್ದ ಮುನಿಯಮ್ಮ ಇದ್ದಳು.

"ನಾಕು ಸಲ ಹತ್ತಿದ್ದು ನೋಡ್ದೆ ಬುಡು," ಅಂದಳು. "ಮೂರ್ನೇ ಸಲಕ್ಕೆ ಇವ್ನಿಗೇನೋ ಗಾಳಿ ಸೋಕೈತೆ ಅನ್ಕಂಡೆ."

"ಬಿ.ಪಿ. ಐತಂತೆ ಮುನಿಯಕ್ಕ. ಇಳೀದಿದ್ರೆ ಸೀಟು ಹೋಯ್ತದೆ."

ಮುನಿಯಮ್ಮ ಅವನ ಮಂಡಿಯನ್ನು ಬೆರಳಿನಿಂದ ಒತ್ತಿ ನೋಡಿದಳು. "ಕಾಲು ನೆಟ್ಟಗಾದ್ಮೇಲೆ ನನ್ ಜತೆ ಬಾ. ನಂದೊಂದು ಕ್ಯಾನು ಹಿಡ್ಕಂಡ್ ಬಾ. ಹಾಲು ಕುಲುಕಬಾರ್ದು, ಅಷ್ಟೇಯ."

ಮಂಡಿಯ ಊತ ಇಳಿಯಲು ಒಂಬತ್ತು ದಿನ ಹಿಡಿಯಿತು. ಶಾಲಿನಿ ಬೈಯುತ್ತಲೇ ಬಟ್ಟೆಯಲ್ಲಿ ಐಸು ಕಟ್ಟಿ ಇಟ್ಟಳು, ಬೈಯುತ್ತಲೇ ಮಾತ್ರೆ ಕೊಟ್ಟಳು. ಆ ಒಂಬತ್ತು ದಿನವೂ ಏಳು ಗಂಟೆಗೆ ತನ್ನ ಬಸ್ಸು ಮನೆ ಮುಂದೆ ಹಾದುಹೋಗುವ ಸದ್ದು ಕೇಳುತ್ತಿತ್ತು. ಶ್ರೀನಾಥ್ ಎರಡನೇ ಗೇರನ್ನು ಬೇಗ ಬಿಡುತ್ತಾನೆ ಎಂಬುದನ್ನು ಹಾಸಿಗೆಯಲ್ಲೇ ಕಂಡುಹಿಡಿದ. ಓನರ್ ಫೋನ್ ಮಾಡಿ, "ರೆಸ್ಟ್ ತಗೊಳಪ್ಪ, ಅವಸರ ಇಲ್ಲ, ಹುಡುಗ ಚೆನ್ನಾಗೇ ಓಡಿಸ್ತಾವ್ನೆ," ಅಂದರು. ಆ ಒಳ್ಳೆಯ ಮಾತಿಗೆ ಧರ್ಮನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಹತ್ತನೇ ದಿನದಿಂದ ಬಸ್ಸಿಗೆ ಮರಳಿದ; ಲೈಸೆನ್ಸು ಇರುವವರೆಗೆ ಓಡಿಸು, ಆಮೇಲೆ ನೋಡೋಣ ಎಂದಿದ್ದರು ಓನರ್. ಅವತ್ತು ಬೆಳಗಿನ ಜಾವವೇ ಮುನಿಯಮ್ಮನ ಅಂಗಳಕ್ಕೆ ಹೋದ. ಅವಳು ನಾಲ್ಕು ಲೀಟರಿನ ಕ್ಯಾನನ್ನು ಅವನ ಕೈಗೆ ಕೊಟ್ಟು, ಅವನ ಮಣಿಕಟ್ಟಿನ ವಾಚು ನೋಡಿ, "ಇದ್ನ ನೋಡ್ಕಂಡ್ ನಡುದ್ರೆ ಕಲ್ಲು ಎಡವ್ತೀಯ," ಅಂದಳು. ಅವನು ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡ.

ಹಾಲಿನ ಕ್ಯಾನು ಬಹಳ ಚಾಡಿಕೋರ ವಸ್ತು. ಹೆಜ್ಜೆ ಒಂದಿಷ್ಟು ಜೋರಾದರೂ ಒಳಗಿನಿಂದ ಗುಳುಕ್ ಎನ್ನುತ್ತದೆ. "ಕುಲುಕ್ತು," ಎನ್ನುತ್ತಿದ್ದಳು ಮುನಿಯಮ್ಮ, ತಿರುಗಿ ನೋಡದೆಯೇ. ಏರು ಬಂದಾಗ ಧರ್ಮನ ಕಾಲು ತಾನಾಗಿ ಜೋರಾಗುತ್ತಿತ್ತು. "ಕುಲುಕ್ತು." ಅವಳು ದಾರಿಯುದ್ದಕ್ಕೂ ಮಾತಾಡುತ್ತಿದ್ದಳು: ಕೆಂದ ಹಸುವಿನ ಕೆಚ್ಚಲು, ಸೊಸೆಯ ಮೊಬೈಲು, ಈ ಸಲ ಹಣ್ಣು ಒಂದೇ ಸಲಕ್ಕೆ ಮಾಗಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ತಲೆ ಚಚ್ಚಿಕೊಳ್ಳುತ್ತಿರುವುದು. ಸುಮ್ಮನೆ ಹೇಳಿಕೊಂಡು ಹೋಗುವವಳಲ್ಲ. ಪ್ರತಿ ಮಾತಿಗೂ "ಅಲ್ವೇನೋ?" ಎಂದು ಉತ್ತರ ಕೇಳುವವಳು. ಉತ್ತರ ಕೊಡಬೇಕಾದರೆ ಉಸಿರು ಉಳಿಸಿಕೊಳ್ಳಬೇಕು. ಮೂರನೆಯ ದಿನ ಡೈರಿ ಮುಟ್ಟುವ ಹೊತ್ತಿಗೆ ಧರ್ಮನ ಬೆನ್ನು ಬೆವತಿತ್ತು, ಬಾಯಲ್ಲಿ ಮಾತು ಇನ್ನೂ ಉಳಿದಿತ್ತು. ಡಾಕ್ಟರಮ್ಮ ಹೇಳಿದ್ದು ಇದನ್ನೇ ಎಂದು ಆಗ ನೆನಪಾಯಿತು. ಅವತ್ತು ಅದು ಅವನ ಕಿವಿಗೆ ಬಿದ್ದಿತ್ತು, ಅಷ್ಟೆ.

ಒಂದು ದಿನ ಮುನಿಯಮ್ಮ ಬರಲಿಲ್ಲ. ಹೊಂಗಡಹಳ್ಳದಲ್ಲಿ ನೆಂಟರೊಬ್ಬರು ತೀರಿಕೊಂಡಿದ್ದರು. ಧರ್ಮನಿಗೂ ಅವತ್ತು ಬೆಳಗಿನ ಜಾವವೇ ಓನರ್ ಕೆಲಸ ಬಿತ್ತು. ಮರುದಿನ ಸಿಕ್ಕಾಗ ಅವನು ತಡೆಯಲಾರದೆ, "ನಿನ್ನೆದು ತಪ್ಪೋಯ್ತಲ್ಲ ಮುನಿಯಕ್ಕ, ಇವತ್ತು ಎರಡು ಸಲ ಹೋಗನ?" ಅಂದ.

"ನಿನ್ನೆ ಹಾಲು ಕರ ಕುಡೀತು," ಅಂದಳು ಅವಳು. "ಇವತ್ತಿಂದು ಇಷ್ಟೇಯ. ನಡಿ."

ಬಿಟ್ಟುಹೋದ ಒಂದು ಬೆಳಗನ್ನು ಹಿಡಿಯದೆ ಬಿಟ್ಟಿದ್ದು ಧರ್ಮನ ಬದುಕಿನಲ್ಲಿ ಅದೇ ಮೊದಲು. ಮಧ್ಯಾಹ್ನದವರೆಗೂ ಮೈಯಲ್ಲಿ ಏನೋ ಕಡಿಯುತ್ತಿದ್ದಂತಿತ್ತು. ಸಂಜೆಗೆ ಮರೆತುಹೋಯಿತು.

ಜನವರಿ ಇಪ್ಪತ್ತಾರು ಕಳೆದ ಮಾರನೆಯ ದಿನ ಡಾಕ್ಟರಮ್ಮನ ಬಳಿ ಹೋಗುವುದಿತ್ತು. ಅವತ್ತಿನ ಎರಡನೇ ಟ್ರಿಪ್ಪಿನಲ್ಲಿ ಬಸ್ಸು ಸಕಲೇಶಪುರ ಮುಟ್ಟುವಾಗಲೇ ತಡವಾಗಿತ್ತು. ವಾಪಸು ಟ್ರಿಪ್ಪು ಹನ್ನೊಂದು ಹತ್ತಕ್ಕೆ. ಹತ್ತೂ ಮುಕ್ಕಾಲಿಗೆ ಬಸ್ಸು ನಿಲ್ಲಿಸಿ, ಫಾರಂ ಜೇಬಿಗೆ ತುರುಕಿ, ಧರ್ಮ ಆಟೋಗಳ ನಡುವೆ ನುಗ್ಗಿ ಓಡಿದ. ಕ್ಲಿನಿಕ್ಕಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ.

"ನೂರಾ ಐವತ್ತೆಂಟು, ತೊಂಬತ್ತೆಂಟು," ಅಂದರು ಡಾಕ್ಟರಮ್ಮ.

ಧರ್ಮ ಮೇಜಿನ ಮೇಲಿದ್ದ ಫಾರಂ ನೋಡಿದ. ಆರು ವಾರ ಮುಗಿದಿತ್ತು.

"ಓಡಿಬಂದ್ರಾ?"

"ಟ್ರಿಪ್ಪು ಐತೆ ಮೇಡಮ್, ಹನ್ನೊಂದು ಹತ್ತಕ್ಕೆ."

"ಹೊರಗೆ ಬೆಂಚ್ ಮೇಲೆ ಕೂತ್ಕೊಳ್ಳಿ. ನಾನು ಕರೆಯೋವರೆಗೂ ಏಳಬೇಡಿ. ಹತ್ತು ಹದಿನೈದು ನಿಮಿಷ."

ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಎರಡು ನಿಮಿಷ. ಕೂತರೆ ಟ್ರಿಪ್ಪು ತಪ್ಪುತ್ತದೆ. ಎದ್ದರೆ ಈ ಫಾರಂ ಇವತ್ತು ಖಾಲಿಯೇ ಉಳಿಯುತ್ತದೆ. ಸಿದ್ದುವಿನ ಫೋನ್ ಬಂತು.

"ಧರ್ಮಣ್ಣ, ಎಲ್ಲಿದ್ದೀಯ? ಜನ ತುಂಬ್ಕಂಡವ್ರೆ."

"ಬರೋವಾಗ ನೋಡ್ದೆ, ಶ್ರೀನಾಥ ಸ್ಟ್ಯಾಂಡಲ್ಲೇ ಅವ್ನೆ. ಈ ಟ್ರಿಪ್ಪು ಅವ್ನ ಕೈಗೆ ಕೊಡು."

"ಅಣ್ಣ, ಓನರ್ ಏನಂತಾರೋ. ಅವ್ನು ಸೀಟಲ್ಲಿ ಕೂತ್ರೆ—"

"ಕೂರ್ಲಿ. ಎರಡ್ನೇ ಗೇರು ಬೇಗ ಬಿಡಬೇಡ ಅಂತ ಹೇಳು."

ಫೋನಿಟ್ಟು, ಗಡಿಯಾರಕ್ಕೆ ಬೆನ್ನು ಮಾಡಿ ಕೂತ. ಎದುರಿನ ಬೆಂಚಿನಲ್ಲಿ ಒಬ್ಬ ಮುದುಕ ಮೊಮ್ಮಗುವಿಗೆ ಕಿತ್ತಳೆ ಸುಲಿದುಕೊಡುತ್ತಿದ್ದ. ನಾರನ್ನೂ ಬಿಡದೆ, ಒಂದೊಂದೇ ತೊಳೆ. ಧರ್ಮ ಅದನ್ನೇ ನೋಡುತ್ತಿದ್ದ. ಸ್ಟ್ಯಾಂಡಿನ ಕಡೆಯಿಂದ ಹಾರ್ನ್ ಕೇಳಿತು. ಸಾವಿರ ಹಾರ್ನಿನಲ್ಲೂ ಅವನು ಗುರುತಿಸಬಲ್ಲ ಹಾರ್ನು ಅದು. ಅವನ ಎಡಗಾಲು ಕ್ಲಚ್ ಹುಡುಕಿಕೊಂಡು ಒಮ್ಮೆ ಅಲುಗಿತು. ಆಮೇಲೆ ಸುಮ್ಮನಾಯಿತು. ಬಸ್ಸಿನ ಸದ್ದು ಸೇತುವೆಯ ಕಡೆಗೆ ಸಣ್ಣದಾಗುತ್ತ ಹೋಯಿತು. ಕಿತ್ತಳೆ ಮುಗಿಯಿತು.

ಕರೆದಾಗ ಹನ್ನೊಂದು ಇಪ್ಪತ್ತಾಗಿತ್ತು. ಡಾಕ್ಟರಮ್ಮ ಪಟ್ಟಿ ಸುತ್ತಿ ನೋಡಿದರು. ಇನ್ನೊಮ್ಮೆ ಸುತ್ತಿ ನೋಡಿದರು.

"ನೂರಾ ಮೂವತ್ತನಾಲ್ಕು, ಎಂಬತ್ತಾರು. ಮಾತ್ರೆ ಬಿಡೋ ಹಾಗಿಲ್ಲ. ನಡಿಗೇನೂ ಬಿಡೋ ಹಾಗಿಲ್ಲ. ಮೂರು ತಿಂಗಳಿಗೆ ಬಂದು ತೋರಿಸಿ." ಪೆನ್ನಿನ ಮುಚ್ಚಳ ತೆಗೆದು ರುಜು ಹಾಕಿದರು. "ಯಾರ ಜತೆ ನಡೀತೀರಿ?"

"ಹಾಲಿನ ಜತೆ ಮೇಡಮ್."

ಈ ಸಲ ಅವರು ನಕ್ಕರು, ಅರ್ಥವಾಗದಿದ್ದರೂ.

ಹಾನುಬಾಳಿಗೆ ಹೋಗುವ ಮುಂದಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಧರ್ಮ ಮೆಟ್ಟಿಲನ್ನು ಒಂದೊಂದಾಗಿ ಇಳಿದ. ಫಾರಂ ಮಡಚದೆ ಕೈಯಲ್ಲೇ ಹಿಡಿದು ರಸ್ತೆಯ ಅಂಚಿನಲ್ಲಿ ನಡೆಯುತ್ತ ಓನರ್‌ಗೆ ಫೋನ್ ಮಾಡಿದ. ರುಜು ಆಯಿತೆಂದು ಹೇಳಿದ. ಟ್ರಿಪ್ಪು ಬಿಟ್ಟಿದ್ದಕ್ಕೆ ಓನರ್ ಎರಡು ನಿಮಿಷ ಬೈದರು, ನಾಳೆ ಏಳಕ್ಕೆ ನೀನೇ ತೆಗಿ ಅಂದರು. ಅಷ್ಟನ್ನೂ ಅವನು ನಡೆಯುತ್ತಲೇ ಕೇಳಿಸಿಕೊಂಡ, ನಡೆಯುತ್ತಲೇ ಉತ್ತರ ಕೊಟ್ಟ.