ತುತ್ತೂರಿಯೊಳಗಿನ ಉಸಿರು

ಪ್ಲಾಸ್ಟಿಕ್ಕಿನ ಮೊದಲ ಪದರವನ್ನು ಕತ್ತರಿಸಿದಾಗ ಒಳಗೆ ಇನ್ನೊಂದು ಪದರವಿತ್ತು. ಬ್ಯಾಂಡ್ ಮಾಸ್ತರರ ಹೆಂಡತಿ ಕೈ ನಿಲ್ಲಿಸಲಿಲ್ಲ. ಎದೆನೋವಿನಿಂದ ತೀರಿಕೊಂಡ ಮಾಸ್ತರರನ್ನು, ಅವರು ದಿನವೂ ನುಂಗುತ್ತಿದ್ದ ಮಾತ್ರೆಯ ಹೆಸರು ಕೇಳಿದೊಡನೆ, ಆಸ್ಪತ್ರೆಯವರು ಹೀಗೆ ಸುತ್ತಿ ಕಳಿಸಿದ್ದರು. ತಿಳಿದವರೇ ಇಷ್ಟು ಅಂಜಿದರೆ ತಿಳಿಯದವರನ್ನು ಯಾವ ಬಾಯಿಂದ ಬೈಯುವುದು?

ಬ್ಯಾಂಡಿನವರು ಗೋಡೆಗಂಟಿ ನಿಂತಿದ್ದರು. ತನ್ನ ತುತ್ತೂರಿಯನ್ನು ಊದಿಯೇ ತನ್ನನ್ನು ಕಳಿಸಬೇಕೆಂದು ಮಾಸ್ತರರು ಹೇಳಿಟ್ಟಿದ್ದರು. ಬೆಂಚಿನ ಮೇಲೆ ಅದು ಹೊಳೆಯುತ್ತಿತ್ತು, ಮುಟ್ಟುವವರಿಲ್ಲ.

"ಎಚ್‌ಐವಿ ಅಂತೆ," ಹಿರಿಯ ಶಿಷ್ಯ ನೆಲ ನೋಡುತ್ತ ಹೇಳಿದ. "ಒಂದು ಮಾತು ಹೇಳಬಾರದಿತ್ತಾ ಅಕ್ಕಾ? ಅವರು ಊದಿದ್ದಕ್ಕೇ ನಾನೂ ಬಾಯಿಡ್ತಿದ್ದೆ."

"ಎಷ್ಟು ವರ್ಷ?"

"ಹೆಚ್ಚುಕಮ್ಮಿ ಇಪ್ಪತ್ತು."

"ಅಷ್ಟರಲ್ಲಿ ನಿನಗೆ ಬಂದಿದ್ದು ಬೊಜ್ಜು ಒಂದೇ ಕಣೋ."

ಡ್ರಮ್ಮಿನವನು ನಗು ನುಂಗಿಕೊಂಡ. "ನಾನು ಬರೀ ಕೋಲು ಹಿಡಿದವ. ಬಚಾವು."

"ನಿನ್ನ ತಲೆಗೆ ಏನೂ ಅಂಟಲ್ಲ, ಬಿಡು."

*

ವರ್ಷಗಳ ಹಿಂದೆ, ಸೋಂಕಿನ ವಿಷಯ ತಿಳಿದ ದಿನ ಮಾಸ್ತರರು ತಟ್ಟೆ ಹಿಡಿದು ಹೊಸ್ತಿಲಾಚೆ ಕುಳಿತಿದ್ದರು. ಹೇಗೆ ಬಂತೆಂದು ಅವಳು ಒಮ್ಮೆ ಕೇಳಿದ್ದಳು, ಒಮ್ಮೆ ಅತ್ತಿದ್ದಳು. ಆಮೇಲೆ ತಟ್ಟೆಯನ್ನು ಒಳಕ್ಕೆಳೆದಳು.

"ಡಾಕ್ಟರಮ್ಮ ಹೇಳಿದ್ದು ಕೇಳಿಸಲಿಲ್ವಾ? ರಕ್ತದಿಂದ ಬರುತ್ತೆ, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ಬರುತ್ತೆ, ಗಂಡುಹೆಣ್ಣು ಎಚ್ಚರವಿಲ್ಲದೆ ಕೂಡಿದರೆ ಬರುತ್ತೆ, ತಾಯಿಯಿಂದ ಮಗುವಿಗೆ ಬರುತ್ತೆ. ಎಂಜಲಿಂದ ಬರಲ್ಲ, ಬೆವರಿಂದ ಬರಲ್ಲ. ಕಾಂಡೋಮ್ ಬಳಸಿ ಅಂದ್ರು, ಮಾತ್ರೆ ತಪ್ಪಿಸಬೇಡಿ ಅಂದ್ರು. ತಟ್ಟೆ ಬೇರೆ ಮಾಡಿ ಅನ್ನಲಿಲ್ಲ."

ಮಾತ್ರೆ ಒಂದು ದಿನವೂ ತಪ್ಪಲಿಲ್ಲ. ವರ್ಷವರ್ಷ ಪರೀಕ್ಷಿಸಿದರೂ ಅವಳ ರಕ್ತದಲ್ಲಿ ಸೋಂಕು ಕಾಣಲಿಲ್ಲ.

*

ಎರಡನೆಯ ಪದರವೂ ಸರಿಯಿತು. ಅವಳು ಬರಿಗೈಯಿಂದ ಗಂಡನ ಮುಖ ಒರೆಸಿ, ಕ್ರಾಪು ತೀಡಿ, ಹಣೆಗೆ ತುಟಿಯೊತ್ತಿದಳು.

ಹಿರಿಯ ಶಿಷ್ಯ ಗೋಡೆ ಬಿಟ್ಟು ಬೆಂಚಿನತ್ತ ನಡೆದ. ಕಿಸೆಯಿಂದ ಕರವಸ್ತ್ರ ತೆಗೆದವನು ಅದರಿಂದ ಕಣ್ಣನ್ನಷ್ಟೇ ಒರೆಸಿಕೊಂಡ. ಊದುವ ಮುನ್ನ ಕೊಳವೆಯ ನೀರು ಹೊರಹಾಕಬೇಕೆಂದು ಮಾಸ್ತರರು ಕಲಿಸಿದ್ದರು. ಅವನು ತುತ್ತೂರಿಗೆ ತುಟಿಯಿಟ್ಟು, ಕೆಳಗಿನ ಸಣ್ಣ ಕೀಲನ್ನೊತ್ತಿ, ಮೆಲ್ಲನೆ ಉಸಿರು ಬಿಟ್ಟ. ನಿನ್ನೆ ಬೆಳಗ್ಗೆ ಮಾಸ್ತರರು ಊದಿದ ಉಸಿರು ಒಳಗೆ ನೀರಾಗಿ ನಿಂತಿತ್ತು. ಅವಳು ಅಂಗೈಯೊಡ್ಡಿದಳು. ಒಂದು ಹನಿ ಬಿತ್ತು.

ಆಮೇಲೆ ಸ್ವರ ಎದ್ದಿತು. ಬೀದಿಯಲ್ಲಿ ಸೈಕಲ್ಲುಗಳು ನಿಂತವು, ಎದುರು ಮನೆಯ ಕಿಟಕಿಗಳು ತೆರೆದವು, ಡ್ರಮ್ಮಿನವನ ಕೋಲು ಎತ್ತಿದಲ್ಲೇ ಉಳಿಯಿತು. ಅವಳು ಮುಷ್ಟಿಯನ್ನು ಮೆಲ್ಲನೆ ಮುಚ್ಚಿದಳು.