ಎರಡೂ ಬದಿಗೆ ಏಣಿ

ಅಘನಾಶಿನಿಯ ಹೊಳೆಬಾಯಿಯಲ್ಲಿ ಹುಟ್ಟಿ, ನಡೆಯುವುದಕ್ಕಿಂತ ಮೊದಲು ದೋಣಿಯಲ್ಲಿ ಕೂರುವುದನ್ನು ಕಲಿತವಳು ಸುಚಿತಾ. ಅಂಥವಳು ನೀರು ಒಂದೇ ದಿಕ್ಕಿಗೆ ಹರಿಯುತ್ತದೆ ಎಂದು ನಕ್ಷೆ ಬರೆದಳು ಎಂದರೆ ಯಾರಾದರೂ ನಂಬುತ್ತಾರೆಯೇ? ನಂಬಲೇಬೇಕು. ಬರೆದದ್ದೂ ಅವಳೇ, ಕೆಳಗೆ ಸಹಿ ಹಾಕಿದ್ದೂ ಅವಳೇ. ಓದು ತಲೆಗೇರಿದರೆ ಒಮ್ಮೊಮ್ಮೆ ಹೀಗೂ ಆಗುತ್ತದೆ.

ಅವಳದು ಸೇತುವೆಗಳ ನಕ್ಷೆ ಮಾಡುವ ಕೆಲಸ. ಕುಮಟೆಯಲ್ಲಿ ಕಂಪನಿಯ ಕಚೇರಿ. ಹೊಳೆಬಾಯಿಗೆ ಅಡ್ಡಲಾಗಿ ಹನ್ನೊಂದು ಕಂಬಗಳ ದೊಡ್ಡ ಸೇತುವೆ ಏಳುತ್ತಿತ್ತು. ಒಂದು ಕಂಬ ಎದ್ದಾಗಿತ್ತು, ಉಳಿದ ಹತ್ತಕ್ಕೆ ಸೋಮವಾರದಿಂದ ಕಾಂಕ್ರೀಟ್. ಕೆಲಸದವರು ದಿನಾ ದೋಣಿಯಲ್ಲಿ ಕಂಬದ ಬುಡಕ್ಕೆ ಹೋಗಿ, ಅಲ್ಲಿಂದ ಕಬ್ಬಿಣದ ಏಣಿ ಹಿಡಿದು ಮೇಲೆ ಹತ್ತಬೇಕು. ಆ ಏಣಿ ಕಂಬದ ಯಾವ ಬದಿಗೆ ಇರಬೇಕೆಂದು ಗೊತ್ತು ಮಾಡಿದವಳು ಸುಚಿತಾ. ಹರಿಯುವ ನೀರಿಗೆ ಕಂಬ ಅಡ್ಡವಾಗಿ ದೋಣಿಗೆ ಮರೆ ಸಿಗಲೆಂದು ಸಮುದ್ರದ ಬದಿಗೆ ಎಂದಿದ್ದಳು.

ಶನಿವಾರ ಮಧ್ಯಾಹ್ನ ಮನೆಗೆ ಊಟಕ್ಕೆ ಬಂದವಳು ಜಗಲಿಯ ಮೇಲೆ ನಕ್ಷೆ ಹರಡಿಕೊಂಡು ಕೊನೆಯ ಸಲ ನೋಡುತ್ತಿದ್ದಳು. ಪಕ್ಕದಲ್ಲಿ ಅವಳ ತಾಯಿ ತಿಮ್ಮಿ ಬುಟ್ಟಿ ತುಂಬ ಬಳಚು ಎಂಬ ಚಿಪ್ಪುಮೀನು ಸುರಿದುಕೊಂಡು ಸಣ್ಣದು ದೊಡ್ಡದು ಬೇರೆ ಮಾಡುತ್ತಿದ್ದಳು. ನಲವತ್ತು ವರ್ಷದಿಂದ ಹೊಳೆಯ ಕೆಸರಿನಲ್ಲಿ ಸೊಂಟ ಬಗ್ಗಿಸಿ ಬಳಚು ಹೆಕ್ಕಿ ಮಗಳನ್ನು ಇಂಜಿನಿಯರ್ ಮಾಡಿದ ಹೆಂಗಸು. ಅಕ್ಷರ ಬಾರದು, ಆದರೆ ಕಣ್ಣು ಚುರುಕು.

"ಇದು ಎಂತದೇ, ಬಾಣ?"

"ನೀರು ಹರಿಯುವ ದಿಕ್ಕು ಅವ್ವ. ಘಟ್ಟದ ಕಡೆಯಿಂದ ಸಮುದ್ರಕ್ಕೆ."

"ಭರತಿ ಬಂದಾಗ?"

ಸುಚಿತಾ ತಲೆ ಎತ್ತಿದಳು.

"ಭರತಿ ಬಂದಾಗ ಈ ಹೊಳೆ ಎಲ್ಲಿಗೆ ಹೋತದೆ ಹೇಳೇ? ನಿನ್ನ ಕಾಲೇಜಿಗಾ?" ತಿಮ್ಮಿ ಒಂದು ಬಳಚನ್ನು ನಕ್ಷೆಯ ಮೇಲಿಟ್ಟು ಬೆರಳಿನಿಂದ ಮೇಲಕ್ಕೆ ನೂಕಿದಳು. "ದಿನಕ್ಕೆ ಎರಡು ಸಲ ಸಮುದ್ರ ಒಳಗೆ ಬತ್ತದೆ. ಆಗ ನಿನ್ನ ಏಣಿ ಇಪ್ಪುದು ನೀರು ಹೊಡೆಯು ಬದಿಗೆ. ಕಂಬದ ಮರೆಗೆ ಅಲ್ಲ. ದೋಣಿ ಕಂಬಕ್ಕೆ ಅಪ್ಪಳಿಸ್ತದೆ, ನಡುವೆ ಸಿಕ್ಕಿದವ ಅಪ್ಪಚ್ಚಿ. ಇಷ್ಟೂ ಗೊತ್ತಿಲ್ದೆ ಎಂತಾ ಕಲ್ತೆ?"

ಗೊತ್ತಿತ್ತು. ಹುಟ್ಟಿದಾಗಿನಿಂದ ಗೊತ್ತಿತ್ತು. ಆದರೆ ಕಂಪ್ಯೂಟರಿನ ಮುಂದೆ ಕೂತಾಗ ಅವಳ ಎದುರಿಗಿದ್ದದ್ದು ಮಳೆಗಾಲದ ನೆರೆಯ ಲೆಕ್ಕ. ನೆರೆ ಬಂದಾಗ ಸಮುದ್ರವೂ ಆ ಹೊಳೆಯನ್ನು ತಡೆಯಲಾರದು, ನೀರು ಒಂದೇ ಸಮನೆ ಪಡುವಣಕ್ಕೆ ನುಗ್ಗುತ್ತದೆ. ಆ ನೆರೆಗೆ ಸೇತುವೆ ಬೀಳಬಾರದೆಂದು ಸುಚಿತಾ ಎಲ್ಲ ಲೆಕ್ಕ ಹಾಕಿದ್ದಳು. ಬೇಸಗೆಯಲ್ಲಿ ಅದನ್ನು ಕಟ್ಟುವವನು ಬೀಳಬಾರದೆಂದು ಹಾಕಿರಲಿಲ್ಲ. ಮಳೆಗಾಲದಲ್ಲಿ ಆ ಏಣಿ ಹತ್ತುವವರು ಯಾರಿದ್ದಾರೆ, ಕಾಗೆ ಬಿಟ್ಟರೆ? ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಊಟವನ್ನೂ ಮಾಡದೆ ಕುಮಟೆಗೆ ಹೊರಟಳು.

ಕಚೇರಿಯ ಮುಖ್ಯಸ್ಥ ಸುದರ್ಶನ ಹೆಗಡೆ ಹೊನ್ನಾವರದ ಕಡೆಯ ತೋಟದ ಮನೆತನದವರು. ಕೆಟ್ಟವರಲ್ಲ. ಸುಚಿತಾಳಿಗೆ ಕೆಲಸ ಕೊಟ್ಟವರೂ ಅವರೇ, ಕಲಿಸಿದವರೂ ಅವರೇ. ಅವಳು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿದರು.

"ಹೌದು, ತಪ್ಪಾಗಿದೆ. ಎಂತ ಮಾಡುವುದು ಈಗ? ಒಂದು ಬೋರ್ಡ್ ಹಾಕಿಸುವ. ಇಳಿತ ಇರುವಾಗ ಮಾತ್ರ ಏಣಿ ಹತ್ತಬೇಕು ಅಂತ. ಎಲ್ಲರಿಗೂ ಸೇಫ್ಟಿ ಬೆಲ್ಟ್ ಕೊಟ್ಟೇ ಇದ್ದೇವಲ್ಲ."

"ಸರ್, ಕೆಲಸ ಶುರುವಾಗುವುದು ಎಂಟಕ್ಕೆ. ಭರತಿ ದಿನಕ್ಕೆ ಮುಕ್ಕಾಲು ಗಂಟೆ ಮುಂದೆ ಹೋಗುತ್ತದೆ. ಅದು ನಮ್ಮ ಹಾಜರಿ ಪುಸ್ತಕ ನೋಡಿ ಬರುತ್ತದಾ? ಎಂಟಕ್ಕೆ ಭರತಿ ಇದ್ದ ದಿನ ಮೇಸ್ತ್ರಿ 'ಕಾಯಿರಿ' ಅನ್ನುತ್ತಾನಾ, 'ಹತ್ತಿ' ಅನ್ನುತ್ತಾನಾ?"

ಹೆಗಡೆಯವರು ಕನ್ನಡಕ ಮತ್ತೆ ಹಾಕಿಕೊಂಡರು.

"ಮತ್ತೆ ಬೆಲ್ಟ್ ಅಂದಿರಿ. ಅದರ ಕೊಕ್ಕೆ ಸಿಕ್ಕಿಸುವುದಕ್ಕೆ ಕಂಬದಲ್ಲಿ ಒಂದು ಬಳೆಯಾದರೂ ಇದೆಯಾ? ನಾನು ಇಟ್ಟಿಲ್ಲ. ಹಾಗಾದರೆ ಕೊಕ್ಕೆ ಎಲ್ಲಿಗೆ ಸಿಕ್ಕಿಸಬೇಕು, ಆಕಾಶಕ್ಕಾ?"

ಅವಳಿಗೆ ಬೇಕಾದದ್ದು ಇಷ್ಟೇ: ಕಂಬದ ಎರಡೂ ಬದಿಗೆ ಏಣಿ, ಕಾಲೂರಿ ನಿಲ್ಲಲು ಒಂದು ಕಟ್ಟೆ, ದೋಣಿಯಲ್ಲಿ ನಿಂತೇ ಕೊಕ್ಕೆ ಸಿಕ್ಕಿಸಬಹುದಾದ ಎತ್ತರದಲ್ಲಿ ಉಕ್ಕಿನ ಬಳೆಗಳು. ಬಳೆಗಳನ್ನು ಕಾಂಕ್ರೀಟಿನೊಳಗೇ ಕೂರಿಸಬೇಕು, ಆಮೇಲೆ ಕೊರೆದು ಹಾಕಿದ್ದು ಉಪ್ಪುನೀರಿಗೆ ನಿಲ್ಲುವುದಿಲ್ಲ. ಅಂದರೆ ಕಾಂಕ್ರೀಟ್ ಸುರಿಯಲು ಸಿದ್ಧವಾದ ಅಚ್ಚುಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕು. ಹತ್ತು ದಿನದ ಕೆಲಸ.

"ಮಳೆಗೆ ಐದು ವಾರ ಇದೆ. ಹತ್ತು ದಿನ ಎಲ್ಲಿಂದ ತರಲಿ?" ಎಂದರು ಹೆಗಡೆ. "ಆಗುವುದಿಲ್ಲ ಸುಚಿತಾ. ಹುಷಾರಾಗಿ ಹತ್ತಿದರೆ ಯಾರೂ ಬೀಳುವುದಿಲ್ಲ."

"ಹಾಗಾದರೆ ಸೋಮವಾರ ಎಂಟಕ್ಕೆ ನೀವೇ ಹುಷಾರಾಗಿ ಹತ್ತಿ ತೋರಿಸಿ ಸರ್. ಅವತ್ತು ಎಂಟಕ್ಕೆ ಭರತಿ."

ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಹೆಗಡೆಯವರ ಮುಖ ಕೆಂಪಾಯಿತು. ಆದರೆ ಅಭಿಮಾನಿ ಮನುಷ್ಯ, ಬರುತ್ತೇನೆ ಎಂದರು. ಬಂದರು ಕೂಡ, ಹೊಸ ಬೆಲ್ಟ್ ಬಿಗಿದುಕೊಂಡು, ತಲೆಗೆ ಬಿಳಿ ಹೆಲ್ಮೆಟ್ ಹಾಕಿಕೊಂಡು.

ದೋಣಿ ಸುಚಿತಾಳ ಸೋದರಮಾವ ದಾಸನದು. ಕೆಲಸದವರನ್ನು ಕಂಬಕ್ಕೆ ದಾಟಿಸುವ ಕೆಲಸ ಅವನಿಗೇ ಇತ್ತು. ಹಿಂದಿನ ದೋಣಿಯಲ್ಲಿ ಆರು ಜನ ಕೆಲಸದವರು ತಮ್ಮ ಸರದಿಗೆ ಕಾದಿದ್ದರು. ಸಮುದ್ರದಿಂದ ನೀರು ತುಂಬಿಕೊಂಡು ಒಳಗೆ ಬರುತ್ತಿತ್ತು. ದಾಸ ಇಂಜಿನ್ ತಗ್ಗಿಸಿ ಏಣಿಯ ಬದಿಗೆ ದೋಣಿ ತಂದ. ತರುವುದೆಂತ, ನೀರೇ ಎಳೆದು ತಂದು ಕಂಬಕ್ಕೆ ಬಡಿಯಿತು.

ಹೆಗಡೆಯವರು ಎದ್ದು ಏಣಿಯ ಸರಳಿಗೆ ಕೈ ಹಾಕಿದರು. ಒಂದು ಕಾಲು ಮೇಲೆತ್ತಿದರು. ಅಷ್ಟರಲ್ಲಿ ದೋಣಿ ಹಿಂದೆ ಸರಿದು, ಇನ್ನೊಂದು ಕಾಲು ದೋಣಿಯಲ್ಲೇ ಉಳಿದು, ಮನುಷ್ಯ ನೀರಿನ ಮೇಲೆ ಅಡ್ಡಡ್ಡ ಎಳೆದ ಹಗ್ಗದಂತಾದರು. ಬೆಲ್ಟಿನ ಕೊಕ್ಕೆ ಗಾಳಿಯಲ್ಲಿ ತೂಗಾಡುತ್ತಿತ್ತು. ಮುಂದಿನ ತೆರೆ ಬರುವುದನ್ನು ದಾಸ ನೋಡಿದ. ಹೆಗಡೆಯವರ ಅಂಗಿಯ ಕಾಲರಿಗೇ ಕೈ ಹಾಕಿ ಹಿಂದಕ್ಕೆ ಜಗ್ಗಿದ. ಅವರು ದೋಣಿಯೊಳಗೆ ಬಿದ್ದರು, ದೋಣಿ ಕಂಬಕ್ಕೆ ಅಪ್ಪಳಿಸಿತು, ಅಂಚಿನ ಹಲಗೆ ಲಟಲಟನೆ ಒಡೆಯಿತು. ಒಂದು ಕ್ಷಣದ ಹಿಂದೆ ಅವರ ಮೊಣಕಾಲು ಅದೇ ಜಾಗದಲ್ಲಿತ್ತು.

"ಸಾಯೂಕೆ ಬಂದದ್ದಾ ಹೆಗಡೇರೆ?" ಎಂದು ದಾಸ ಕೂಗಿದ.

ಹಿಂದಿನ ದೋಣಿಯಲ್ಲಿದ್ದ ಆರು ಜನರಲ್ಲಿ ಒಬ್ಬನೂ ನಗಲಿಲ್ಲ. ಅವರು ಮೂರು ವಾರದಿಂದ ಹೀಗೇ ಹತ್ತುತ್ತಿದ್ದವರು.

"ಮಾವ, ನೀನಾದರೂ ಹೇಳಬೇಕಿತ್ತಲ್ಲ, ಇಷ್ಟು ದಿನ?" ಎಂದಳು ಸುಚಿತಾ.

"ಕೇಳಿದವರು ಯಾರೇ? ನಿಂಗಳ ಮೀಟಿಂಗಿಗೆ ದೋಣಿಯವನ್ನ ಕರೀತ್ರಾ? ಇಂಜಿನಿಯರು ಬರೆದದ್ದು, ಮೇಲಾಗಿ ನಮ್ಮನೆ ಹುಡುಗಿ ಬರೆದದ್ದು. ಎಂತಾರೂ ಕಾರಣ ಇರ್ತದೆ ಅಂದ್ಕಂಡೆ."

ಆ ಮಾತು ಅವಳ ಎದೆಗೆ ನಾಟಿತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕಚೇರಿಗೆ ಬಂದು ಎರಡು ಲೋಟ ನೀರು ಕುಡಿದ ಮೇಲೆ ಹೆಗಡೆಯವರು ದಾರಿಗೆ ಬಂದರು. "ಆತು, ಎರಡೂ ಬದಿಗೆ ಏಣಿ ಹಾಕುವ. ಕಟ್ಟೆ, ಬಳೆ ಎಲ್ಲ ಹಾಕುವ. ಹತ್ತು ದಿನಕ್ಕೆ ನಾನು ಜವಾಬು ಕೊಡುತ್ತೇನೆ. ಆದರೆ ಒಂದು ಮಾತು. ಕಾಗದದಲ್ಲಿ ತಪ್ಪು ಅಂತ ಬರೆಯುವುದು ಬೇಡ. 'ಹೆಚ್ಚಿನ ಅನುಕೂಲಕ್ಕಾಗಿ ಬದಲಾವಣೆ' ಅಂತ ಬರೆದರೆ ಸಾಕು. ನಿಮ್ಮ ಹೆಸರೂ ಉಳಿಯುತ್ತದೆ, ನನ್ನದೂ ಉಳಿಯುತ್ತದೆ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಸುಚಿತಾ ಹೂಂ ಎನ್ನುವವಳೇ ಇದ್ದಳು, ಸುಳ್ಳು ಯಾಕೆ ಹೇಳಬೇಕು. ಗೆದ್ದಾಗಿತ್ತು. ಮನೆಗೆ ಹೋಗಿ ಅವ್ವನ ಮುಂದೆ ಮುಖ ಎತ್ತಿ ಕೂರಬಹುದಿತ್ತು. ಆಗ ಅವಳಿಗೆ ನೆನಪಾಯಿತು.

"ಸರ್, ನಮ್ಮ ಕಂಪನಿಯ ಹೊನ್ನಾವರದ ಸೇತುವೆಗೂ ಭಟ್ಕಳದ ಸೇತುವೆಗೂ ಹೋದದ್ದು ನನ್ನ ಇದೇ ನಕ್ಷೆಯಲ್ಲವಾ?"

ಹೆಗಡೆಯವರು ಮೇಜಿನ ಮೇಲಿನ ಪೆನ್ನನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು. "ಅಲ್ಲಿಯದನ್ನು ಅಲ್ಲಿಯವರು ನೋಡಿಕೊಳ್ಳುತ್ತಾರೆ."

"ತಪ್ಪಿದೆ ಅಂತ ಗೊತ್ತಿಲ್ಲದೆ ಎಂತ ನೋಡಿಕೊಳ್ಳುತ್ತಾರೆ? ಅಲ್ಲಿಯೂ ಹೊಳೆಬಾಯಿ, ಅಲ್ಲಿಯೂ ಭರತಿ. 'ಅನುಕೂಲಕ್ಕಾಗಿ ಬದಲಾವಣೆ' ಅಂತ ನಾವು ಬರೆದರೆ, ನಮಗೆ ಈಗಿರುವ ಅನುಕೂಲವೇ ಸಾಕು ಅನ್ನುತ್ತಾರೆ ಅವರು."

"ಮಾರಾಯ್ತಿ, ನಿಮಗೆ ಅರ್ಥ ಆಗುತ್ತಾ ಇಲ್ಲ! 'ನನ್ನ ನಕ್ಷೆಯೇ ತಪ್ಪು' ಅಂತ ನೀವು ಮೂರು ಕಡೆ ಬರೆದು ಕಳಿಸಿದರೆ ಮರುದಿನ ನಿಮ್ಮನ್ನು ಮನೆಗೆ ಕಳಿಸುತ್ತಾರೆ. ಇನ್ನು ಯಾವ ಕಂಪನಿಯವರೂ ನಿಮ್ಮ ಸಹಿಯನ್ನು ಮೂಸಿ ನೋಡುವುದಿಲ್ಲ. ಬಳಚು ಹೆಕ್ಕಲಿಕ್ಕೆ ಹೋಗುತ್ತೀರಾ?"

ಆ ಕೊನೆಯ ಮಾತು ಆಡಬಾರದಿತ್ತು. ಆಡಿದ ಮೇಲೆ ಅವರಿಗೂ ಅದು ಗೊತ್ತಾಯಿತು.

"ಹೋಗುತ್ತೇನೆ ಸರ್," ಎಂದಳು ಸುಚಿತಾ. "ಈ ಕಚೇರಿಯಲ್ಲಿ ಯಾರಿಗೂ ಕಾಣದ್ದು ಬಳಚು ಹೆಕ್ಕುವವಳಿಗೆ ಕಂಡಿತು. ಅವಳ ಪಕ್ಕದಲ್ಲಿ ಕೂರುವುದಕ್ಕೆ ನನಗೆಂತ ನಾಚಿಕೆ?"

ತನ್ನ ಮೇಜಿಗೆ ಹೋಗಿ ಕೂತು ಬರೆದಳು. ಏಣಿಯ ಜಾಗ ತಪ್ಪಾಗಿದೆ, ತಪ್ಪು ನನ್ನದು, ಆ ನಕ್ಷೆಯ ಮೇಲಿನ ನನ್ನ ಸಹಿಯನ್ನು ಹಿಂದೆಗೆದುಕೊಂಡಿದ್ದೇನೆ, ಹೊಸದು ಬರುವ ತನಕ ಯಾರನ್ನೂ ಆ ಏಣಿಗೆ ಹತ್ತಿಸಬೇಡಿ. ಮೂರೂ ಸೇತುವೆಗಳಿಗೆ, ಕಂಪನಿಯ ದೊಡ್ಡವರಿಗೆ, ಸೇತುವೆ ಕಟ್ಟಿಸುತ್ತಿರುವ ಇಲಾಖೆಗೆ, ಎಲ್ಲರಿಗೂ ಒಂದೇ ಏಟಿಗೆ ಕಳಿಸಿದಳು.

ಹೊನ್ನಾವರದವರು ಮಧ್ಯಾಹ್ನವೇ ಕೆಲಸ ನಿಲ್ಲಿಸಿದರು. ಭಟ್ಕಳದಿಂದ ಸಂಜೆ ಫೋನ್ ಬಂತು. ಅಲ್ಲಿಯ ಇಂಜಿನಿಯರ್ ಸಂಪದಾ, ಕೆಲಸಕ್ಕೆ ಸೇರಿ ವರ್ಷ ಆಗದ ಹುಡುಗಿ. ಅಳುತ್ತಿದ್ದಳು.

"ಮೇಡಂ, ನಮ್ಮಲ್ಲಿ ಹೋದ ತಿಂಗಳೇ ಒಬ್ಬ ಬಿದ್ದಿದ್ದಾನೆ. ವಿನೋದ ಅಂತ. ದೋಣಿಗೂ ಕಂಬಕ್ಕೂ ನಡುವೆ ಸಿಕ್ಕಿ ಕಾಲು ಪುಡಿಯಾಗಿದೆ. ಕುಡಿದಿದ್ದ, ಅವನದೇ ಅಜಾಗರೂಕತೆ ಅಂತ ವರದಿ ಬರೆದು ಮುಗಿಸಿದ್ದಾರೆ. ನಾನೂ ಸಹಿ ಹಾಕಿದ್ದೇನೆ."

ಸುಚಿತಾ ವಿನೋದನ ಮನೆಯ ವಿಳಾಸ ಬರೆದುಕೊಂಡಳು. ತಾನು ತಡೆದೆ ಎಂದುಕೊಂಡದ್ದು ಆಗಲೇ ಆಗಿ ಹೋಗಿತ್ತು.

ಮರುದಿನ ಬೆಳಿಗ್ಗೆ ಅವಳು ಭಟ್ಕಳದ ಬಸ್ಸು ಹತ್ತಿದಳು. ಬಸ್ಸು ಹೊನ್ನಾವರ ದಾಟುವಾಗ ಕಂಪನಿಯಿಂದ ಫೋನ್: ವಿಚಾರಣೆ ಮುಗಿಯುವ ತನಕ ಕಚೇರಿಗೆ ಬರಬಾರದು. "ಆತು" ಎಂದು ಫೋನ್ ಚೀಲಕ್ಕೆ ಹಾಕಿದಳು.

ವಿನೋದನ ಮನೆ ಮೀನುಗಾರರ ಓಣಿಯಲ್ಲಿ. ಬಾಗಿಲಲ್ಲೇ ಅವನ ತಾಯಿ ದುರ್ಗಮ್ಮ ಸಿಕ್ಕಳು. ಕಂಪನಿಯವರು ಎಂದು ಗೊತ್ತಾಗುತ್ತಲೇ ಮುಖ ತಿರುಗಿಸಿದಳು. "ಇನ್ನೆಂತ ಉಳ್ದದೆ? ಕುಡುಕ ಅಂತ ಬರ್ದಾತಲ್ಲ. ನಾನೂ ದಿನಾ ಅದೇ ಹೇಳಿ ಬೈತೆ ಇವನಿಗೆ."

ವಿನೋದ ಒಳಗೆ ಮಂಚದ ಮೇಲೆ ಮಲಗಿದ್ದ. ಇಪ್ಪತ್ತೈದು ಇಪ್ಪತ್ತಾರರ ಗಟ್ಟಿ ಆಳು, ಬಲಗಾಲು ತೊಡೆಯ ತನಕ ಪ್ಲಾಸ್ಟರಿನಲ್ಲಿ. ಬಂದವಳನ್ನು ನೋಡಿ ಗೋಡೆಯ ಕಡೆ ತಿರುಗಿಕೊಂಡ. ಸುಚಿತಾ ಕೂರಲಿಲ್ಲ. ಕೂತರೆ ಹೇಳಲಾರೆ ಎನಿಸಿತು.

"ವಿನೋದ, ತಪ್ಪು ನಿಮ್ಮದಲ್ಲ. ಏಣಿ ಇರಬಾರದ ಬದಿಗೆ ಇತ್ತು. ಕೊಕ್ಕೆ ಸಿಕ್ಕಿಸಲಿಕ್ಕೆ ಬಳೆ ಇರಲಿಲ್ಲ. ಆ ನಕ್ಷೆ ಬರೆದವಳು ನಾನು. ಹಾಗಂತ ನಿನ್ನೆ ಎಲ್ಲರಿಗೂ ಬರೆದು ಕಳಿಸಿದ್ದೇನೆ. ಆ ವರದಿಯನ್ನು ಬದಲಿಸುವ ತನಕ ಬಿಡುವುದಿಲ್ಲ."

ದುರ್ಗಮ್ಮನ ಕೈಯಲ್ಲಿದ್ದ ಚೊಂಬು ನೆಲಕ್ಕೆ ಬಿತ್ತು. "ನೀನಾ? ನನ್ನ ಮಗನ ಕಾಲು ಮುರಿದವಳು ನೀನಾ? ಎಷ್ಟು ಧೈರ್ಯ ನಿಂಗೆ, ಮನೆಯೊಳಗೆ ಬಂದು ಹೇಳೂಕೆ!" ಎಂದು ಮುಂದೆ ನುಗ್ಗಿದಳು. ಸುಚಿತಾ ಹಿಂದೆ ಸರಿಯಲಿಲ್ಲ. ಹೊಡೆದರೆ ಹೊಡೆಯಲಿ ಎಂದು ನಿಂತಳು.

"ಅವ್ವ, ನಿಲ್ಲು." ವಿನೋದ ಮೊಣಕೈ ಊರಿ ಎದ್ದಿದ್ದ. ಅವನ ಕಣ್ಣು ತುಂಬಿತ್ತು. "ಕೇಳ್ದ್ಯಾ? ನಾ ಕುಡ್ದಿರ್ಲಿಲ್ಲ. ಆಣೆ ಹಾಕಿ ಹೇಳ್ದೆ, ನೀನೂ ನಂಬ್ಲಿಲ್ಲ. ಕುಡ್ದಿರ್ಲಿಲ್ಲ ಅವ್ವ."

ದುರ್ಗಮ್ಮ ಮಗನನ್ನು ನೋಡಿದಳು. ಎತ್ತಿದ ಕೈಯನ್ನು ತನ್ನ ಬಾಯಿಗೇ ಒತ್ತಿಕೊಂಡು ಮಂಚದ ಕಾಲಬಳಿ ಕುಸಿದಳು. ಒಂದು ತಿಂಗಳ ಬೈಗುಳ ಅವಳಿಗೇ ತಿರುಗಿ ಬಂದಿತ್ತು.

ಸ್ವಲ್ಪ ಹೊತ್ತಿನ ಮೇಲೆ ವಿನೋದ ಕಣ್ಣೊರೆಸಿಕೊಂಡು ಸುಚಿತಾಳ ಕಡೆ ನೋಡಿದ. ಅವನ ದನಿಯಲ್ಲಿ ಕ್ಷಮೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. "ನೀವು ಕಾಗದ ಬರ್ದ್ರಿ, ಆತು. ಕಾಗದ ಈ ಓಣಿಲಿ ಯಾರೂ ಓದೂದಿಲ್ಲ. ದೋಣಿಲೇ ಹುಟ್ಟಿದವ ದೋಣಿಂದ ಬಿದ್ದ, ಕುಡುಕ, ಅಂತ ಎಲ್ಲರೂ ನಗ್ತ್ರು. ಇಲ್ಲಿ ನನ್ನ ಎದುರು ಹೇಳಿದ್ದನ್ನ ಹೊರಗೆ ನಿಂತು ಹೇಳ್ತ್ರಾ?"

ಸುಚಿತಾ ಬಾಗಿಲಿಗೆ ಬಂದಳು. ಓಣಿಯಲ್ಲಿ ನಲ್ಲಿಯ ಹತ್ತಿರ ಕೊಡ ಹಿಡಿದ ಹೆಂಗಸರು, ನೆರಳಲ್ಲಿ ಬಲೆ ಹೊಲಿಯುವ ಗಂಡಸರು. ಅವಳು ಮೆಟ್ಟಿಲಿಳಿದು ಓಣಿಯ ನಡುವೆ ನಿಂತು, ಹೊಳೆಯ ಆಚೆ ದಡಕ್ಕೆ ಕೇಳುವಷ್ಟು ದನಿ ಎತ್ತಿದಳು.

"ಎಲ್ಲರೂ ಕೇಳಿ! ವಿನೋದ ಕುಡಿದು ಬಿದ್ದದ್ದಲ್ಲ. ಅವನನ್ನು ಬೀಳಿಸಿದ್ದು ನಾನು ಬರೆದ ನಕ್ಷೆ. ನನ್ನ ಹೆಸರು ಸುಚಿತಾ. ಅಘನಾಶಿನಿಯಲ್ಲಿ ಬಳಚು ಹೆಕ್ಕುವ ತಿಮ್ಮಿಯ ಮಗಳು. ಕೇಳುವವರು ಯಾರಿದ್ದರೂ ನನ್ನನ್ನು ಕೇಳಿ!"